ಚಲುವಯ್ಯ ಕೇಳಿದ ನಾನ್ ರಿಟರ್ನ್ ವಾಲ್ವು

ರೇಷ್ಮೆಗೂಡು ಬೇಯಿಸಿದ ನೀರಿನ ವಾಸನೆ ನಿಮಗೆ ಗೊತ್ತಿಲ್ಲವಾದರೆ ನೀವು ಪುಣ್ಯವಂತರು. ರೇಷ್ಮೆ ಸೀರೆ ಉಟ್ಟು, ಮದುವೆಮನೆಯಲ್ಲಿ ಸೆರಗು ಸರಿಮಾಡಿಕೊಂಡು ಓಡಾಡಿ, ಯಾರೂ ಬೇಡ ಅನ್ನುವುದಿಲ್ಲ. ನಾನು ಮಾತ್ರ ಹನ್ನೊಂದು ತಿಂಗಳು ಆ ವಾಸನೆಯೊಳಗೆ ಕೂತು ಕೆಲಸ ಮಾಡಿದವನು. ಬೆಂದ ಹುಳು, ಅಂಟು, ಹಳಸಿದ ಗಂಜಿ, ಮೂರನ್ನೂ ಒಂದೇ ಹಂಡೆಯಲ್ಲಿ ಕುದಿಸಿ ಮುಚ್ಚಳ ತೆಗೆದ ಹಾಗೆ. ಅಂಗಿಗೆ ಹತ್ತುತ್ತದೆ, ತಲೆಗೂದಲಿಗೆ ಹತ್ತುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಥೂ!

ಅದು ಎರಡು ಸಾವಿರದ ಏಳನೇ ಇಸವಿ. ರಾಮನಗರ ಆಗತಾನೇ ಜಿಲ್ಲೆಯಾಗಿತ್ತು. ಮೈಸೂರು ರಸ್ತೆಯ ಆಚೀಚೆ ಹಿಪ್ಪುನೇರಳೆ ತೋಟಗಳಿದ್ದ ಕಡೆ ದಿನಕ್ಕೊಂದು ಶೀಟಿನ ಶೆಡ್ಡು ಏಳುತ್ತಿತ್ತು. ಅಂಥದ್ದೊಂದು ಶೆಡ್ಡು ನಮ್ಮ ಕಾರ್ಖಾನೆ. ಮಾರ್ಕೆಟ್ಟಿನಿಂದ ಗೂಡು ತಂದು, ಬೇಯಿಸಿ, ನೂಲು ತೆಗೆಯುವುದು ಅಲ್ಲಿನ ಕಸುಬು. ಬಿ.ಕಾಂ. ಮುಗಿಸಿದ ನಾನು, ಮಧುಕುಮಾರ್, ಅಲ್ಲಿ ಸ್ಟೋರ್ ಗುಮಾಸ್ತ. ಸ್ಪ್ಯಾನರ್ ಯಾರು ಒಯ್ದರು, ಯಾರು ತಂದುಕೊಟ್ಟರು, ಬೇರಿಂಗ್ ಎಷ್ಟು ಉಳಿದಿದೆ ಎಂದು ಬರೆದಿಡುವುದು ನನ್ನ ಕೆಲಸ. ಒಂದು ಬೋಲ್ಟು ಬಿಗಿದವನಲ್ಲ, ಒಂದು ನಲ್ಲಿ ತಿರುಗಿಸಿದವನಲ್ಲ. ಆದರೂ ಕುತ್ತಿಗೆಗೆ ಐಡಿ ಕಾರ್ಡ್ ನೇತುಹಾಕಿಕೊಂಡು ದೊಡ್ಡ ಆಫೀಸರನ ಹಾಗೆ ಮೆರೆಯುತ್ತಿದ್ದೆ.

ಚಲುವಯ್ಯ ಅಲ್ಲಿ ಪೈಪ್ ಫಿಟ್ಟರ್. ಐವತ್ತೈದರ ಆಸುಪಾಸು, ಒಣಕಲು ಆಳು, ಮೂಗು ಮಾತ್ರ ದೊಡ್ಡದು. ಹುಟ್ಟೂರು ಕನಕಪುರದ ಕಡೆಯ ದೊಡ್ಡಆಲಹಳ್ಳಿ. ಅಣ್ಣ ಹೊಲ ನೋಡಿಕೊಂಡ, ಇವನು ಪಂಪು ಬಿಚ್ಚಿ ಜೋಡಿಸುವುದು ಕಲಿತ. ಚನ್ನಪಟ್ಟಣದ ಒಂದು ಸಣ್ಣ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದು, ಆಮೇಲೆ ಇಲ್ಲಿಗೆ ಬಂದವನು. ಹೆಂಡತಿ ಮಾರಮ್ಮ ನಮ್ಮಲ್ಲೇ ಗೂಡು ಬೇಯಿಸುವ ತೊಟ್ಟಿಯ ಮುಂದೆ ನಿಂತು ಎಳೆ ಹಿಡಿಯುವ ಕೆಲಸದಲ್ಲಿದ್ದಳು. ಬಿಸಿನೀರಿಗೆ ಅದ್ದಿ ಅದ್ದಿ ಅವಳ ಬೆರಳಿನ ತುದಿಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಕಾಂಪೌಂಡಿನ ಹಿಂದಿನ ಬೀದಿಯಲ್ಲೇ ಅವರ ಮನೆ.

ಚಲುವಯ್ಯನಷ್ಟು ಹೇಸಿಗೆ ಪಡುವ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ಬೆಳಗಿನಿಂದ ಹುಳುನೀರಿನಲ್ಲಿ ಕೈಯಾಡಿಸುತ್ತಿದ್ದವನು ಊಟದ ಹೊತ್ತಿಗೆ ಮೂರು ಸಲ ಸೋಪು ಹಾಕಿ ಕೈ ತೊಳೆಯುತ್ತಿದ್ದ. ಕ್ಯಾಂಟೀನಿನ ಲೋಟ ಮುಟ್ಟುತ್ತಿರಲಿಲ್ಲ. ಮುದ್ದೆಯ ಡಬ್ಬಿ ಹಿಡಿದು ಗೇಟಿನಾಚೆ ಹೊಂಗೆಮರದ ಕೆಳಗೆ ಹೋಗಿ ಕೂರುತ್ತಿದ್ದ. ನಾವು ನಗುತ್ತಿದ್ದೆವು.

ಒಂದು ದಿನ ನಾನೇ ರೇಗಿಸಿದೆ. “ಏನು ಚಲುವಣ್ಣ, ಮಡಿ ಜಾಸ್ತಿಯಾಯ್ತಲ್ಲ?”

“ಮಡಿ ಅಲ್ಲ ಕಣಪ್ಪ. ಹೇಸ್ಕಳಾಕೆ ಬರ್ದೆ ಇರೋನು ನೀರಿನ್ ಕೆಲ್ಸಕ್ಕೆ ಬರ್ಬಾರ್ದು. ಅವ್ನ್ಗೆ ಯಾವ್ ನೀರಾದ್ರೂ ಒಂದೆಯ.”

ನಾನು ಆಗಲೂ ನಕ್ಕೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಅವನ ಮಾತು.

ಇನ್ನು ನೀರಿನ ವಿಷಯ. ಕಾರ್ಖಾನೆಗೆ ನೀರು ಬರುತ್ತಿದ್ದದ್ದು ಹಿಂದಿನ ಬೀದಿಯವರ ಬೋರ್‌ವೆಲ್‌ನಿಂದ. ಅದಕ್ಕೆ ಬದಲಾಗಿ ಯಜಮಾನರು ಬೀದಿಯ ಬಾಯಿಯಲ್ಲಿ ಒಂದು ತೊಂಬೆ ಕಟ್ಟಿಸಿಕೊಟ್ಟಿದ್ದರು. ಎದೆಮಟ್ಟದ ಸಿಮೆಂಟಿನ ತೊಟ್ಟಿ, ನಾಲ್ಕು ನಲ್ಲಿ. ಬೋರಿನಿಂದ ಬಂದ ಪೈಪು ಅಲ್ಲಿ ಕವಲೊಡೆದು, ಒಂದು ತೊಂಬೆಗೆ ಹೋಗುತ್ತಿತ್ತು, ಇನ್ನೊಂದು ಕಾಂಪೌಂಡ್ ಗೋಡೆ ಹತ್ತಿ ಈಚೆಗೆ ಇಳಿದು ನಮ್ಮ ತೊಟ್ಟಿಗಳಿಗೆ ಬರುತ್ತಿತ್ತು. ನಲವತ್ತು ಮನೆ ಕುಡಿಯುತ್ತಿದ್ದದ್ದು ಆ ತೊಂಬೆಯ ನೀರನ್ನೇ.

ಆ ವರ್ಷ ಮ್ಯಾನೇಜರ್ ಲೋಕೇಶ್‌ಗೆ ಒಂದು ಹೊಸ ಯೋಚನೆ ಬಂತು. ಗೂಡು ಬೇಯಿಸಿದ ನೀರು ಬಿಸಿಯಾಗಿಯೇ ಚರಂಡಿಗೆ ಹೋಗುತ್ತದೆ, ಅದನ್ನು ಒಂದು ಗುಂಡಿಗೆ ಹಿಡಿದು ಪಂಪಿನಿಂದ ಮತ್ತೆ ತೊಟ್ಟಿಗೇ ಹರಿಸಿದರೆ ನೀರೂ ಉಳಿಯಿತು, ಸೌದೆಯೂ ಉಳಿಯಿತು. ಸರಿ, ಉಳಿಸಲಿ. ಆದರೆ ಆ ಕೊಳಕು ನೀರಿಗೆ ಬೇರೆ ಪೈಪು ಎಳೆಯುವ ಬದಲು, ಗೋಡೆಯಿಂದ ಇಳಿದು ಬರುವ ಒಳ್ಳೆಯ ನೀರಿನ ಪೈಪಿಗೇ ಸೇರಿಸಿಬಿಡೋಣ ಅಂದ. ಎಂಥ ತಲೆ ನೋಡಿ!

ಬೇರೆ ಪೈಪೇ ಎಳೆಯಿರಿ ಎಂದು ಚಲುವಯ್ಯ ಬಡಕೊಂಡ. ಲೋಕೇಶ್ ಕೇಳಲಿಲ್ಲ. ಸುದ್ದಿ ಬೀದಿಗೆ ಹೋಯಿತು. ತೊಂಬೆಯ ಹತ್ತಿರ ಹೆಂಗಸರು ಚಲುವಯ್ಯನನ್ನು ಹಿಡಿದು ನಿಲ್ಲಿಸಿಕೊಂಡರು. ಎಲ್ಲರಿಗಿಂತ ಮುಂದೆ ಇದ್ದವಳು ಅವನ ಎದುರುಮನೆಯ ಕೆಂಚಮ್ಮ. ನಾನು ಗೇಟಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

“ಕರೆಂಟ್ ಹೋದಾಗ ಬೋರು ನಿಂತೋಯ್ತದೆ. ನಿಮ್ ಪಂಪು ಜನರೇಟ್ರಲ್ಲಿ ಓಡ್ತದೆ. ಆ ಹುಳಿನ್ ನೀರು ನುಗ್ಗಿ ತೊಂಬೆಗೆ ಬರಾಕಿಲ್ವಾ ಚಲುವಣ್ಣ?” ಎಂದಳು ಕೆಂಚಮ್ಮ. ಬಿ.ಕಾಂ. ಓದಿದ ನನಗೆ ಹೊಳೆಯದ ಮಾತು ಅವಳಿಗೆ ಹೊಳೆದಿತ್ತು.

“ಬರಾಕಿಲ್ಲ ಕಣವ್ವ. ಒಂದ್ಸಲ ಮುಂದಕ್ಕೋದ ನೀರು ಎಂಜ್ಲು. ಎಂಜ್ಲು ತಿರುಗ ಮಡಕೆಗೆ ಬರ್ಬಾರ್ದು. ಅದಕ್ಕೇಂತ ಪೈಪೊಳ್ಗೆ ಒಂದು ಬಾಗ್ಲು ಇಕ್ತೀನಿ. ಆಚೆಗೋಗೋ ನೀರ್ಗೆ ತೆರ್ಕತದೆ, ಹಿಂದಕ್ ಬರೋ ನೀರ್ಗೆ ಮುಚ್ಕತದೆ. ನನ್ ಮಾತ್ ನಂಬಿ.”

“ನಿನ್ ಮಾತ್ ನಂಬ್ಕಂಡೇ ಮಕ್ಳಿಗೆ ಕುಡ್ಸೋದು, ನೆಪ್ಪಿರ್ಲಿ” ಎಂದು ಕೆಂಚಮ್ಮ ಕೊಡ ಎತ್ತಿಕೊಂಡು ಹೋದಳು. ಚಲುವಯ್ಯನ ಹತ್ತಿರ ಹೊಲವಿರಲಿಲ್ಲ, ಮನೆ ಬಾಡಿಗೆಯದು. ಆ ಬೀದಿಯಲ್ಲಿ ಅವನಿಗಿದ್ದದ್ದು ಆ ಮಾತೊಂದೇ.

ಮಾರನೆಯ ದಿನ ಅವನು ಪೇಟೆಯಲ್ಲಿ ಖಾಸಿಂ ಸಾಬರ ಹಾರ್ಡ್‌ವೇರ್ ಅಂಗಡಿಗೆ ಹೋದ. ಅಲ್ಲಿ ನಡೆದದ್ದನ್ನು ಸಾಬರು ನನಗೆ ಬಹಳ ದಿನದ ಮೇಲೆ ಹೇಳಿದರು. ಚಲುವಯ್ಯ ಮೂರು ಥರದ ವಾಲ್ವು ಇಳಿಸಿಕೊಂಡನಂತೆ. ಒಂದರೊಳಗೆ ಕೀಲು ಹಾಕಿದ ರೆಕ್ಕೆ, ಇನ್ನೊಂದರಲ್ಲಿ ಗುಂಡು, ಮೂರನೆಯದರಲ್ಲಿ ಸ್ಪ್ರಿಂಗು ಒತ್ತಿ ಹಿಡಿದ ರಬ್ಬರಿನ ಬಿಲ್ಲೆ. ಸಾಬರು ರೆಕ್ಕೆಯದನ್ನು ಮುಂದೆ ತಳ್ಳಿ, “ಎಲ್ಲರೂ ಇದೇ ಒಯ್ಯೋದು ಚಲುವಯ್ಯ, ನೀರು ಸಲೀಸಾಗಿ ಹೋಗ್ತದೆ” ಅಂದರಂತೆ.

“ಮಲಗಿರೋ ಪೈಪ್ಗೆ ಸರಿ ಸಾಬ್ರೆ. ಮೇಲಕ್ಕತ್ತೋ ನೀರ್ಗೂ ಸರಿ. ನಮ್ದು ಗೋಡೆ ಮೇಲಿಂದ ಕೆಳೀಕಿಳಿಯೋ ಪೈಪು. ಅದ್ರಲ್ಲಿ ಈ ರೆಕ್ಕೆ ಜೋತಾಡ್ಕಂಡು ತೆರೆದೇ ನಿಂತಿರ್ತದೆ. ಇದ್ದೂ ಇಲ್ದಂಗೆ.”

ಆಮೇಲೆ ಜೇಬಿನಿಂದ ಒಂದು ಪೊಟ್ಟಣ ತೆಗೆದನಂತೆ. ಒಳಗೆ ನಮ್ಮ ತೊಟ್ಟಿಯಿಂದಲೇ ತಂದ ನೂಲಿನ ಜೊಂಡು. ಒಂದೆಳೆ ಗುಂಡಿನ ಕೆಳಗೆ ಸಿಕ್ಕಿಸಿ, ವಾಲ್ವನ್ನು ತಲೆಕೆಳಗು ಹಿಡಿದು, ಹಿಂಬದಿಯಿಂದ ಲೋಟದ ನೀರು ಹೊಯ್ದ. ಕೆಳಗೆ ಹಾಸಿದ್ದ ನ್ಯೂಸ್‌ಪೇಪರ್ ಒದ್ದೆಯಾಯಿತು. ಸ್ಪ್ರಿಂಗಿನದಕ್ಕೂ ಹಾಗೇ ಮಾಡಿದ. ಟೀ ಕುಡಿದು ಮುಗಿಸುವ ತನಕ ಕಾದ. ಪೇಪರ್ ಒಣಗಿಯೇ ಇತ್ತು.

“ಇದು ಹಲ್ ಕಚ್ಚಿ ಹಿಡಿಯೋದು. ಇಂಥವು ಎರಡು ಎತ್ತಿಡಿ. ಒಂದು ಬಾಯ್ಬುಟ್ರೆ ಇನ್ನೊಂದಿರ್ಲಿ” ಎಂದು ಹೇಳಿ ಬಂದನಂತೆ. ಮೂವತ್ತು ವರ್ಷದಲ್ಲಿ ವಾಲ್ವು ಆರಿಸಲು ಹಾಗೆ ಪರೀಕ್ಷೆ ಮಾಡಿದ ಗಿರಾಕಿಯನ್ನು ತಾವು ಕಂಡಿಲ್ಲವೆಂದು ಸಾಬರು ತಲೆಯಾಡಿಸಿದರು.

ಅದೇ ವಾರ ಅಣ್ಣನ ತಿಥಿ ಬಂತು. ಚಲುವಯ್ಯ ಮೂರು ದಿನ ದೊಡ್ಡಆಲಹಳ್ಳಿಗೆ ಹೊರಟ. ಹೋಗುವ ಮುಂಚೆ, ತಾನು ಬರುವ ತನಕ ಹೊಸ ಪಂಪು ಚಾಲೂ ಮಾಡಬೇಡಿ ಎಂದು ಲೋಕೇಶನಿಗೆ ಹೇಳಿದ. ವಾಲ್ವಿಗೆ ಚೀಟಿ ಬರೆದು ಮಾರಮ್ಮನ ಕೈಲಿ ಕಳಿಸಿದ. ಅವಳು ಕೆಲಸಕ್ಕೆ ಹೋಗುವಾಗ ಸ್ಟೋರಿನ ಕಿಟಕಿಯಲ್ಲಿ ಅದನ್ನು ನನ್ನ ಅಂಗೈಯಲ್ಲೇ ಇಟ್ಟಳು. ದಪ್ಪ ಅಕ್ಷರ. “ಒಂದೂವರೆ ಇಂಚು ನಾನ್ ರಿಟರ್ನ್ ವಾಲ್ವು 2. ಸ್ಪ್ರಿಂಗಿಂದು. ಖಾಸಿಂ ಸಾಬರ ಅಂಗಡೀಲಿ ಎತ್ತಿಟ್ಟವ್ರೆ.”

ಅಯ್ಯೋ ನನ್ನ ಬುದ್ಧಿಗಿಷ್ಟು! ಬೀದಿಯವರಿಗೆ ಬಾಗಿಲು ಅಂದಿದ್ದ. ಚೀಟಿಯಲ್ಲೂ ಬಾಗಿಲು ಎಂದೇ ಬರೆದಿದ್ದರೆ ನನ್ನಂಥ ದಡ್ಡನಿಗೂ ತಿಳಿಯುತ್ತಿತ್ತು. ಆಫೀಸಿಗೆ ಕೊಡುವ ಕಾಗದವೆಂದು ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಬರೆದುಬಿಟ್ಟಿದ್ದ. ನನ್ನ ಸ್ಟೋರಿನಲ್ಲಿ ಎರಡು ಗೇಟ್‌ಪಾಸ್ ಪುಸ್ತಕ. ಹೋಗಿ ವಾಪಸ್ ಬರುವ ಸಾಮಾನಿಗೆ ಕೆಂಪು, ಅದರ ಹೆಸರು ರಿಟರ್ನ್. ಹೋದದ್ದು ಬಾರದ ಸಾಮಾನಿಗೆ ಹಸಿರು, ಅದು ನಾನ್ ರಿಟರ್ನ್. ನನ್ನ ಲೋಕದಲ್ಲಿ ಆ ಮಾತಿಗೆ ಇದ್ದದ್ದು ಅದೊಂದೇ ಅರ್ಥ. ಅಂಗಡಿಯವನು ವಾಪಸ್ ತೆಗೆದುಕೊಳ್ಳದ ವಾಲ್ವು ಎಂದು ಓದಿಕೊಂಡೆ. ಸ್ಪ್ರಿಂಗು ಯಾವುದೋ ಕಂಪನಿಯ ಹೆಸರಿರಬೇಕು ಅಂದುಕೊಂಡೆ.

ಲೋಕೇಶನ ಹತ್ತಿರ ಹೋಗಿ, “ಸಾರ್, ಖಾಸಿಂ ಸಾಬರ ಅಂಗಡಿ ಸಾಮಾನು ನಾನ್ ರಿಟರ್ನ್ ಅಂತೆ” ಅಂದೆ.

ಅವನು ಫೋನಿನಲ್ಲಿದ್ದ. ಕೈ ಅಡ್ಡ ಹಿಡಿದು ಹೇಳಿದ. “ವಾಪಸ್ ತಗೊಳಲ್ಲ ಅಂತ ಮೊದಲೇ ಬರೆಸಿ ಕಳಿಸ್ತಾನಾ ಅವನು? ಅಂಥದ್ದು ಬೇಡ. ರಿಟರ್ನ್ ಇರೋದೇ ತರಿಸು, ಬೆಂಗಳೂರಿಂದ.”

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ. ನಾನು ಬೆಂಗಳೂರಿಗೆ ಫೋನ್ ಮಾಡಿ, ಒಂದೂವರೆ ಇಂಚಿನ ಎರಡು ವಾಲ್ವು ಕಳಿಸಿ, ಬೇಡವಾದರೆ ವಾಪಸ್ ತಗೊಳ್ಳಬೇಕು ನೋಡಿ ಅಂದೆ. ಸಂಜೆಗೆ ಲಾರಿಯಲ್ಲಿ ಬಂದವು. ಕೆಂಪು ಚಕ್ರದ, ಕೈಯಲ್ಲಿ ತಿರುಗಿಸುವ ಸಾದಾ ವಾಲ್ವು ಎರಡು. ತೆರೆದಿಟ್ಟರೆ ಆ ಕಡೆಗೂ ದಾರಿ, ಈ ಕಡೆಗೂ ದಾರಿ. ನಾನು ಒರೆಸಿ ಶೆಲ್ಫಿನ ಮೇಲೆ ಚೆಂದ ಕಾಣುವ ಹಾಗೆ ಜೋಡಿಸಿದೆ.

ಶುಕ್ರವಾರ ಯಜಮಾನರು ಬರುತ್ತಾರೆ, ಪೂಜೆ ಮಾಡಿ ಪಂಪು ಶುರು ಮಾಡಲೇಬೇಕು ಎಂದು ಲೋಕೇಶ್ ಕುಣಿದ. ಹೊರಗಿನಿಂದ ಕಾಂಟ್ರಾಕ್ಟಿನವರು ಬಂದರು. ಸ್ಟೋರಿನಲ್ಲಿ ಕೊಟ್ಟದ್ದನ್ನು ಪೈಪಿಗೆ ಹಾಕಿದರು, ಚಕ್ರ ಪೂರಾ ತೆರೆದರು, ಹೋದರು. ಶುಕ್ರವಾರ ಬೂದುಗುಂಬಳ ಒಡೆದು, ಕರ್ಪೂರ ಹಚ್ಚಿ, ಸ್ವಿಚ್ ಹಾಕಿದ್ದಾಯಿತು. ಕೇಸರಿಭಾತು ಹಂಚಿದರು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.

ಶನಿವಾರ ಬೆಳಗ್ಗೆ ಆರಕ್ಕೆ ಕರೆಂಟು ಹೋಯಿತು. ಬೋರು ನಿಂತಿತು. ಒಳಗೆ ಜನರೇಟರ್ ಗುಡುಗಿತು, ಕೊಳಕು ನೀರಿನ ಪಂಪು ಓಡಿತು. ಒಳ್ಳೆಯ ನೀರಿನ ಪೈಪಿನಲ್ಲಿ ಎದುರು ಒತ್ತುವವರೇ ಇರಲಿಲ್ಲ. ಹುಳುನೀರು ಗೋಡೆ ಹತ್ತಿ, ಆಚೆ ಇಳಿದು, ನೆಟ್ಟಗೆ ತೊಂಬೆಗೆ ಹೋಯಿತು.

ಕೆಂಚಮ್ಮ ಎದ್ದವಳೇ ನಲ್ಲಿಗೆ ಬೊಗಸೆ ಒಡ್ಡಿ ಬಾಯಿ ಮುಕ್ಕಳಿಸಿದ್ದಾಳೆ. ನಾಲಗೆಯ ಮೇಲೆ ಬೆಂದ ಹುಳುವಿನ ಚೂರು! ಅವಳು ಕಕ್ಕಿಕೊಂಡ ಸದ್ದು ನಮ್ಮ ಗೇಟಿಗೂ ಕೇಳಿಸಿತು. ನಾವು ಓಡಿಹೋದಾಗ ನಾಲ್ಕು ನಲ್ಲಿಯ ಕೆಳಗೂ ಕಂದು ನೀರು, ಮೇಲೆ ನೊರೆ, ನೊರೆಯಲ್ಲಿ ಜೊಂಡು. ತುಂಬಿಟ್ಟ ಕೊಡಗಳಲ್ಲೆಲ್ಲ ಅದೇ. ಒಬ್ಬಳು ಒಲೆಯ ಮೇಲಿದ್ದ ಎಸರನ್ನೇ ತಂದು ನಮ್ಮ ಕಾಲ ಬುಡಕ್ಕೆ ಸುರಿದಳು. ನಲವತ್ತು ಮನೆಯವರು ಉಗುಳುತ್ತಿದ್ದರು.

ಲೋಕೇಶ್ ಗೋಡೆಯ ಹತ್ತಿರ ಹೋಗಿ ಆ ಕೆಂಪು ಚಕ್ರಗಳನ್ನು ನೋಡಿದ. ಅವನಿಗೆ ಆಗ ಅರ್ಥವಾಯಿತು. ನನ್ನ ರಟ್ಟೆ ಹಿಡಿದು ಸ್ಟೋರಿಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ಯಾವ ವಾಲ್ವು ಏನು ಮಾಡುತ್ತದೆ ಎಂದು ಎರಡು ಮಾತಿನಲ್ಲಿ ಹೇಳಿದ.

“ಆ ಚೀಟಿ ಎಲ್ಲಿದೆ?”

ತಂತಿಗೆ ಚುಚ್ಚಿಟ್ಟಿದ್ದೆ. ತೆಗೆದು ತೋರಿಸಿದೆ.

“ಬಾಯ್ಲರ್ ಒಲೆಗೆ ಹಾಕು. ಚೀಟಿ ಬಂದೇ ಇಲ್ಲ, ಬಾಯಿಮಾತಿಗೆ ವಾಲ್ವು ಅಂದ, ವಾಲ್ವು ತರಿಸಿದ್ವಿ. ತಿಳೀತಾ? ಇಲ್ಲ ಅಂದ್ರೆ ಈ ತಪ್ಪು ನಿನ್ನ ತಲೆಗೇ ಬರುತ್ತೆ. ಮುಂದಿನ ತಿಂಗಳು ಕೆಲಸ ಖಾಯಂ ಆಗೋದು ನಿನಗೆ ಬೇಡವಾ?”

ನಾನು ಒಲೆಗೆ ಹಾಕಿದೆ. ಹೌದು, ಹಾಕಿದೆ. ಯಾರೂ ಕೈ ತಿರುಚಲಿಲ್ಲ.

ನಾವು ತೊಂಬೆಯ ಹತ್ತಿರ ವಾಪಸ್ ಬರುವುದಕ್ಕೂ ಕನಕಪುರದ ಬಸ್ಸಿಳಿದು ಚಲುವಯ್ಯ ಬರುವುದಕ್ಕೂ ಸರಿಹೋಯಿತು. ತಲೆ ಬೋಳಿಸಿಕೊಂಡಿದ್ದ, ಕೈಯಲ್ಲಿ ತಿಥಿಯ ವಡೆಯ ಚೀಲ. ದೂರದಿಂದಲೇ ವಾಸನೆ ಹಿಡಿದ. ಯಾರನ್ನೂ ಮಾತಾಡಿಸದೆ ಕಾಂಪೌಂಡಿನೊಳಕ್ಕೆ ಹೋಗಿ, ಪೈಪು ನೋಡಿ, ಹೊರಗೆ ಬಂದ.

ಕೆಂಚಮ್ಮ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಲೇ ಅವನ ಮುಂದೆ ನಿಂತಳು. “ಬಾಗ್ಲು ಇಕ್ತೀನಿ ಅಂದ್ಯಲ್ಲಣ್ಣ, ಎಲ್ಲಿಕ್ಕಿದೀಯೆ? ಹುಳ ತಿನ್ಸ್‌ಬುಟ್ಯಲ್ಲೋ ನಂಗೆ! ನಿನ್ ಮಾತ್ಗಿಷ್ಟು ಬೆಂಕಿ ಹಾಕ!”

“ನಾ ಬರೆದಿದ್ದು ಇದಲ್ಲ ಕಣವ್ವ” ಎಂದು ಅವನು ಲೋಕೇಶನ ಕಡೆ ತಿರುಗಿದ. “ಚಕ್ರದ್ ವಾಲ್ವು ಯಾರು ಕೇಳಿದ್ರು ಸಾ?”

“ನೀನು ಏನು ಬರೆದುಕೊಟ್ಟಿದ್ದೆ? ವಾಲ್ವು ಅಂದೆ, ತರಿಸಿದ್ವಿ. ಸ್ಟೋರಿಗೆ ಯಾವ ಚೀಟಿಯೂ ಬಂದಿಲ್ಲ.”

ಚಲುವಯ್ಯ ನನ್ನನ್ನು ನೋಡಿದ. ಅವನಿಗೆ ಗಾಬರಿಯೇ ಇರಲಿಲ್ಲ. ನಾನಿದ್ದೇನಲ್ಲ ಎಂಬ ಧೈರ್ಯ. “ಮಧಪ್ಪ, ಹೇಳಪ್ಪ. ನನ್ ಚೀಟಿ ಬಂತಲ್ವಾ?”

ಬೀದಿಗೆ ಬೀದಿಯೇ ನನ್ನ ಕಡೆ ತಿರುಗಿತು.

“ಇಲ್ಲ ಚಲುವಣ್ಣ” ಅಂದೆ. “ಯಾವ ಚೀಟಿಯೂ ನನ್ನ ಕೈಗೆ ಬಂದಿಲ್ಲ.”

“ನಾನೇ ತಂದ್ಕೊಟ್ಟಿವ್ನಿ!” ಮಾರಮ್ಮ ಗುಂಪಿನೊಳಗಿಂದ ನುಗ್ಗಿ ಬಂದಳು. “ನಿಮ್ ಅಂಗೈ ಮೇಲೆ ಮಡಗಿದ್ದೀನಿ ಸಾ, ಕಿಟಕೀಲಿ. ನೆಪ್ಪಿಲ್ವಾ?”

“ಗಂಡನ ಪರ ಹೆಂಡತಿ ಹೇಳದೆ ಇನ್ಯಾರು ಹೇಳ್ತಾರೆ?” ಎಂದು ಲೋಕೇಶ್ ನಕ್ಕ. ಗುಂಪಿನಲ್ಲಿ ಒಬ್ಬಿಬ್ಬರು ಹೌದೆಂದು ತಲೆಯಾಡಿಸಿದರು. ನಾನು ನೆಲ ನೋಡಿಕೊಂಡು ನಿಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂದು ಅಮ್ಮ ಹೇಳುತ್ತಿದ್ದಳು. ನನ್ನದು ಒಂದು ಚೀಟಿಗೆ ಹೋಯಿತು.

ಚಲುವಯ್ಯ ನನ್ನನ್ನು ಇನ್ನೊಮ್ಮೆ ನೋಡಿದ. ತೊಟ್ಟಿಯ ತಳದ ಗಸಿಯನ್ನು ನೋಡುವಾಗ ಅವನ ಮುಖ ಹೇಗೆ ಕಿವುಚಿಕೊಳ್ಳುತ್ತಿತ್ತೋ ಹಾಗೆಯೇ ಆಯಿತು. ವಡೆಯ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು, ಗರಗಸ ತಂದು, ಒಳಗೆ ಹೋದ.

“ಪೈಪ್ ಮುಟ್ಟಿದ್ರೆ ನಿನಗೆ ಇವತ್ತಿಂದ ಕೆಲಸ ಇಲ್ಲ” ಎಂದು ಲೋಕೇಶ್ ಕೂಗಿದ.

“ಯಾವನ್ಗ್ ಬೇಕು ಬುಡಿ ಸಾ, ಈ ಹೊಲ್ಸು.”

ಕೊಳಕು ನೀರಿನ ಪೈಪು ಒಳ್ಳೆಯದನ್ನು ಸೇರುವ ಕಡೆ ಗರಗಸ ಇಟ್ಟು ಕೊಯ್ದ. ಹುಳುನೀರು ಅವನ ಮುಖಕ್ಕೇ ಚಿಮ್ಮಿತು. ಹೇಸಿಗೆಯ ಮನುಷ್ಯ, ಕಣ್ಣುಮುಚ್ಚಿ ಕೊಯ್ಯುತ್ತಲೇ ಇದ್ದ. ತುಂಡಾದ ಮೇಲೆ ಎರಡು ಬಾಯಿಗೂ ಕ್ಯಾಪು ಹಾಕಿ ಬಿಗಿದ. ಎರಡು ಪೈಪಿನ ನಡುವೆ ಒಂದು ಗೇಣು ಬರೀ ಗಾಳಿ. ಆಮೇಲೆ ತೊಂಬೆಗೆ ಇಳಿದು, ನೀರೆಲ್ಲ ಹೊರಗೆ ಬಿಟ್ಟು, ಬ್ಲೀಚಿಂಗ್ ಪುಡಿ ಹಾಕಿ, ತೆಂಗಿನ ಗುಂಜಿನಲ್ಲಿ ಗೋಡೆ ಗೋಡೆ ಉಜ್ಜಿದ. ಬೀದಿಯವರು ನಿಂತು ನೋಡಿದರು. ಮಾರಮ್ಮ ಒಬ್ಬಳೇ ಬಕೆಟ್ಟಿನಲ್ಲಿ ಗಸಿ ಎತ್ತಿ ಹಾಕಿದಳು.

ಹತ್ತಕ್ಕೆ ಕರೆಂಟು ಬಂತು. ಬೋರು ಓಡಿತು. ನಾಲ್ಕು ನಲ್ಲಿಯನ್ನೂ ತೆರೆದು ಒಂದು ಗಂಟೆ ನೀರು ಹರಿಯಬಿಟ್ಟ. ಕಂದು ಹೋಗಿ ಬಿಳಿಯಾಯಿತು, ಬಿಳಿ ಹೋಗಿ ತಿಳಿಯಾಯಿತು. ಬೊಗಸೆಯಲ್ಲಿ ಹಿಡಿದು ಮೂಸಿದ, ಸುರಿದ, ಮತ್ತೆ ಹಿಡಿದು ಮೂಸಿದ. ಹನ್ನೊಂದೂವರೆಯ ಹೊತ್ತಿಗೆ ತಾನೇ ಕುಡಿದ.

“ಬಾಗ್ಲೂ ಬೇಡ, ಏನೂ ಬೇಡ. ಎರಡಕ್ಕೂ ಸಂಬಂಧನೇ ಇಲ್ದಂಗೆ ಕಡಿದಿವ್ನಿ. ಕುಡಿಯೋರು ಕುಡೀರಿ” ಅಂದ. ಮಾರಮ್ಮ ಕೊಡ ತುಂಬಿಕೊಂಡಳು. ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಕೆಂಚಮ್ಮ ಒಂದು ಕೊಡ ತಂದು ಸಾಲಿನಲ್ಲಿ ನಿಂತಳು. ಚಲುವಯ್ಯನ ಕಡೆ ನೋಡಲಿಲ್ಲ, ಆದರೆ ನಿಂತಳು. ಅವಳ ಹಿಂದೆ ಮತ್ತಿಬ್ಬರು.

ನಾನು ಅಲ್ಲೇ ಇದ್ದೆ. ಲೋಕೇಶ್ ಯಾವಾಗಲೋ ಒಳಗೆ ಹೋಗಿದ್ದ. ಬಿಸಿಲಿಗೆ ಗಂಟಲು ಒಣಗಿತ್ತು ಎಂದು ಸುಳ್ಳು ಹೇಳುವುದಿಲ್ಲ, ಬಾಯಾರಿಕೆ ಇರಲಿಲ್ಲ. ಎಲ್ಲರೆದುರು ಆ ನೀರು ಕುಡಿದುಬಿಟ್ಟರೆ ಚಲುವಯ್ಯನಿಗೆ ನಾ ಮಾಡಿದ್ದು ಅಷ್ಟರಮಟ್ಟಿಗೆ ತೀರುತ್ತದೆ ಎಂಬ ಅಗ್ಗದ ಲೆಕ್ಕಾಚಾರ ನನ್ನದು. ಮುಂದೆ ಹೋಗಿ ನಲ್ಲಿಯ ಕೆಳಗೆ ಬಗ್ಗಿದೆ.

ಮಾರಮ್ಮ ಕೈ ನೀಡಿ ನಲ್ಲಿ ನಿಲ್ಲಿಸಿದಳು. ಸಿಟ್ಟಿನ ಮುಖವಲ್ಲ. ಮಕ್ಕಳಿಗೆ ಬುದ್ಧಿ ಹೇಳುವವರ ಹಾಗೆ ಮೆಲ್ಲಗೆ ಹೇಳಿದಳು.

“ಬ್ಯಾಡಿ ಸಾ. ನಿಮ್ ಬಾಯಿ ನಲ್ಲೀಗೆ ಸೋಕ್ಬುಟ್ರೆ, ತಿರುಗ ಒಂದ್ ಗಂಟೆ ನೀರು ಬುಡ್ಬೇಕಾಯ್ತದೆ.”

ಕೆಂಚಮ್ಮ ತನ್ನ ಕೊಡವನ್ನು ಮುಂದಿಟ್ಟಳು. ನಾನು ಪಕ್ಕಕ್ಕೆ ಸರಿದೆ.